ತೆರೆದ ದಂಡು, ಮುಚ್ಚಿದ ಕೈ

ಗಂಜೀಫಾದ ಎಲೆ ದುಂಡಗಿರುತ್ತದೆ. ಇಸ್ಪೀಟಿನ ಹಾಗೆ ಬೀಸಣಿಗೆ ಬಿಡಿಸಿ ಹಿಡಿಯಲು ಅದು ಒಗ್ಗುವುದಿಲ್ಲ. ಒಂದರ ಮೇಲೊಂದನ್ನು ಜಾರಿಸಿ, ಪ್ರತಿಯೊಂದರದೂ ಬಿದಿಗೆ ಚಂದ್ರನಷ್ಟು ಅಂಚು ಮಾತ್ರ ಕಾಣುವಂತೆ ಎಡಗೈ ಹೆಬ್ಬೆರಳಿನಲ್ಲಿ ಒತ್ತಿಕೊಳ್ಳಬೇಕು. ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದರ ನಡುಮನೆಯಲ್ಲಿ ಬಿಳಿ ಪಂಚೆ ಹಾಸಿ ಕೂತ ಮೂವರು ಹಿರಿಯರ ಕೈಗಳನ್ನು ನಾನು ಕಂಬಕ್ಕೊರಗಿ ನೋಡುತ್ತಿದ್ದೆ. ಹಕ್ಕಿ ನೋಡುವ ಅಭ್ಯಾಸ ಇರುವವನಿಗೆ ಮುಖಕ್ಕಿಂತ ಮೊದಲು ಚಲನೆ ಕಾಣುತ್ತದೆ. ಎಲೆಗಳ ಬೆನ್ನು ಒಂದೇ ಬಣ್ಣ, ಮಾಸಿದ ಅರಗಿನ ಕೆಂಪು. ಮುಖದ ಕಡೆ ಮಾತ್ರ ಗಿಳಿಹಸಿರು, ಅರಿಶಿನ, ಕಾವಿ, ಕಾಡಿಗೆ ಕಪ್ಪು. ಒಂದರಲ್ಲಿ ಮೀನು, ಒಂದರಲ್ಲಿ ಆಮೆ, ಇನ್ನೊಂದರಲ್ಲಿ ಕೊಡಲಿ.

ದಶಾವತಾರದ ಕಟ್ಟಿನಲ್ಲಿ 120 ಎಲೆ. ಹತ್ತು ಅವತಾರ, ಒಂದೊಂದಕ್ಕೂ ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಮೂವರಿಗೂ ತಲಾ 40 ಹಂಚಿದ ಮೇಲೆ ಮೂರು ದಂಡುಗಳು ಮೂರು ಅಂಗೈಗಳಲ್ಲಿ ಅಡಗಿಬಿಡುತ್ತವೆ. ಆದರೆ ಆಟ ಆರಂಭವಾಗುವುದೇ ಅಡಗಿದ್ದೊಂದು ಹೊರಬರುವುದರಿಂದ. ಹಗಲಾದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಆಟ ತೆರೆಯಬೇಕು. ದೀಪ ಹಚ್ಚಿದ ಮೇಲಾದರೆ ಕೃಷ್ಣನ ರಾಜ. ಯಾವ ಗುಟ್ಟು ಮೊದಲು ಬಯಲಾಗಬೇಕೆಂದು ಆಕಾಶದ ಬೆಳಕು ಗೊತ್ತುಮಾಡುತ್ತದೆ. ಆಟದ ನಿಯಮಗಳಲ್ಲಿ ಇದಕ್ಕಿಂತ ಚೆಲುವಾದದ್ದನ್ನು ನಾನು ಕಂಡಿಲ್ಲ.

ಆಮೇಲೆ ನಿಧಾನವಾಗಿ ಕೈಗಳೇ ಮಾತಾಡತೊಡಗಿದವು. ಎಡಗಡೆಯ ಹಿರಿಯರು ಎಲೆಗಳನ್ನು ಅವತಾರದ ಕ್ರಮದಲ್ಲಿ ಜೋಡಿಸಿಕೊಂಡಿದ್ದರು. ಮೀನು ಬಿದ್ದಾಗಲೆಲ್ಲ ಅವರ ಬಲಗೈ ಕಟ್ಟಿನ ಒಂದು ತುದಿಗೆ ಹೋಗುತ್ತಿತ್ತು, ಕಲ್ಕಿ ಬಿದ್ದರೆ ಇನ್ನೊಂದು ತುದಿಗೆ. ಬೆರಳು ಎಲ್ಲಿ ತಡೆದು ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಗಮನಿಸಿದರೆ ಆ ಜಾಗದಲ್ಲಿ ದಂಡು ತೆಳುವಾಗಿದೆಯೋ ದಟ್ಟವಾಗಿದೆಯೋ ತಿಳಿಯುತ್ತಿತ್ತು. ನಡುವೆ ಕೂತವರು ಇದನ್ನು ಬಲ್ಲವರು. ಅವರು ಜೋಡಿಸಿಕೊಳ್ಳಲೇ ಇಲ್ಲ. ಹಂಚಿದ ಹಾಗೆಯೇ ಹಿಡಿದು, ಎಲ್ಲಿ ಏನಿದೆ ಎಂಬುದನ್ನು ನೆನಪಿಗೆ ಬಿಟ್ಟಿದ್ದರು. ಮೂರನೆಯವರ ಕಟ್ಟಿನಲ್ಲಿ ಒಂದು ಎಲೆಯ ಅರಗು ಚಕ್ಕೆ ಎದ್ದಿತ್ತು. ಬೆನ್ನು ನೋಡಿಯೇ ಅದು ವರಾಹದ ಮಂತ್ರಿ ಎಂದು ಮೂವರಿಗೂ ಗೊತ್ತು. ಅವರು ಅದನ್ನು ಬೇಗ ಇಳಿಸಿಬಿಟ್ಟರು. ಗುಟ್ಟಲ್ಲದ ಗುಟ್ಟನ್ನು ಇಟ್ಟುಕೊಂಡು ಪ್ರಯೋಜನವೇನು.

ಮೇಲಿನ ಎಲೆ ಹೊರಬಿದ್ದರೆ ಅದರ ಕೆಳಗಿನದೇ ದೊಡ್ಡದಾಗುತ್ತದೆ. ಹಾಗಾಗಿ ಬಿದ್ದದ್ದನ್ನೆಲ್ಲ ನೆನಪಿಡುವವನಿಗೆ ಆಟ ಮುಂದುವರಿದಂತೆ ಎದುರಿನ ಕೈ ತಾನಾಗಿ ತೆರೆದುಕೊಳ್ಳುತ್ತದೆ. ಕೊನೆಯ ಕೆಲವು ಎಲೆ ಉಳಿದಾಗ ಮೂವರೂ ಎಲೆ ಹಾಕುವ ಮೊದಲೇ ನಸುನಗುತ್ತಿದ್ದರು.

ಈ ಊರಿಗೆ ಇಂಥ ನೋಟ ಹೊಸದಲ್ಲ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ಹೊಸದಾಗಿ ಹೆಣೆದವರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಎಲೆಯಾಟಗಳೇ ಹದಿಮೂರು ಇವೆ. ಅತಿ ದೊಡ್ಡದಕ್ಕೆ 360 ಎಲೆ ಬೇಕು. ಜೊತೆಜೊತೆಗೇ ಅವರು ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡಿಸಿ ನಡೆಸುವ ಪಟಗಳನ್ನು ರಚಿಸಿದರು. ಒಂದು ಕಡೆ ನೂರಾರು ಎಲೆಗಳ ಮುಚ್ಚಿದ ದಂಡು, ಇನ್ನೊಂದು ಕಡೆ ಮರೆಯೇ ಇಲ್ಲದ ಮಣೆ. ಎರಡೂ ಒಂದೇ ಮನಸ್ಸಿಗೆ ಬೇಕಾಗಿದ್ದವು. ಆ ಆಟಗಳ ಮಣೆ, ಕಾಯಿಗಳನ್ನು ಈಗ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಪ್ರದರ್ಶನಗಳಲ್ಲಿ ಇಡುತ್ತದೆ. ಅಲ್ಲಿ ಮಕ್ಕಳು ಮೊದಲು ಕೈಹಾಕುವುದು ಹುಲಿ-ಕುರಿ ಆಟಕ್ಕೆ.

ಹುಲಿ-ಕುರಿಯಲ್ಲಿ ಎಲ್ಲವೂ ಬಯಲು. 3 ಹುಲಿ, 15 ಕುರಿ. ಒಂದು ಕಡೆಯ ಬಲ ಹಾರಿ ಕೊಲ್ಲುವುದು, ಇನ್ನೊಂದು ಕಡೆಯದು ಸುತ್ತುವರಿಯುವುದು. ಆದರೂ ಕುರಿ ಆಡುವ ಹುಡುಗಿಯ ಮುಷ್ಟಿಯಲ್ಲಿ ಇನ್ನೂ ಇಳಿಸದ ಹುಣಸೆಬೀಜಗಳಿವೆ. ಎಷ್ಟಿವೆ ಎಂಬುದು ಎದುರಿನವನಿಗೆ ಗೊತ್ತು, ಎಲ್ಲಿ ಇಳಿಯುತ್ತವೆ ಎಂಬುದು ಗೊತ್ತಿಲ್ಲ. ಅವನು ಮಣೆಯನ್ನು ಬಿಟ್ಟು ಆ ಮುಷ್ಟಿಯನ್ನೇ ನೋಡುತ್ತಿದ್ದ. ಅವಳು ಬೀಜ ಇಡುವ ಮೊದಲು ಒಂದು ಕ್ಷಣ ಕಣ್ಣನ್ನು ಆ ಮನೆಯ ಮೇಲೆ ಊರುತ್ತಿದ್ದಳು. ಅಷ್ಟರಲ್ಲಿ ಅವನ ಹುಲಿ ಮನಸ್ಸಿನಲ್ಲೇ ಪಕ್ಕಕ್ಕೆ ಸರಿದಿರುತ್ತಿತ್ತು.

ಇದನ್ನೆಲ್ಲ ನೋಡುತ್ತ ನನ್ನ ಮನಸ್ಸು ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗುತ್ತದೆ. ಅಲ್ಲಿನ ಮಾವಿನ ಮರದಲ್ಲಿ ಚಗಳಿ ಇರುವೆಗಳ ಗೂಡುಗಳಿವೆ. ಎಲೆಗಳನ್ನು ಮರಿಗಳ ರೇಷ್ಮೆಯಿಂದ ಹೊಲಿದ, ಅಂಚು ಬಿಳಿಚಿದ ಹಸಿರು ಚೀಲಗಳು. ಒಂದೇ ವಸಾಹತಿಗೆ ಹಲವು ಗೂಡು. ಗಡಿಯ ಗೂಡುಗಳಲ್ಲಿ ಕಾವಲಿಗಿರುವುದು ವಯಸ್ಸಾದ ಕೆಲಸಗಾರ್ತಿಯರು. ತುಕ್ಕುಗೆಂಪಿನ ಇರುವೆಯೊಂದು ಕೊಂಬೆಯ ಮೇಲೆ ಹಗೆಯನ್ನು ಮುಟ್ಟಿದರೆ ಹೊಟ್ಟೆಯನ್ನು ಮೇಲೆತ್ತಿ, ದವಡೆ ತೆರೆದು ನಿಲ್ಲುತ್ತದೆ. ವಾಸನೆ ಹರಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹತ್ತಾರು ಇರುವೆಗಳು ಅದೇ ಭಂಗಿಯಲ್ಲಿ ಅಲ್ಲಿ ನೆರೆದಿರುತ್ತವೆ. ಒಬ್ಬಳು ತಿಳಿದದ್ದು ಇಡೀ ದಂಡಿಗೆ ತಿಳಿಯುತ್ತದೆ.

ಆ ಸಾಲಿನ ಅಂಚಿನಲ್ಲಿ ಒಮ್ಮೊಮ್ಮೆ ಇರುವೆಯಲ್ಲದ್ದೊಂದು ಇರುತ್ತದೆ. ಬಣ್ಣ ಅದೇ ತುಕ್ಕುಗೆಂಪು. ಮೈ ನಡುವೆ ಸಣ್ಣಗೆ ಬಳುಕಿ ಇರುವೆಯ ಸೊಂಟದಂತಿದೆ. ತಲೆಯ ಇಬ್ಬದಿಯಲ್ಲಿ ಇರುವೆಯ ಕಣ್ಣನ್ನು ಹೋಲುವ ಕಪ್ಪು ಚುಕ್ಕೆ. ಮುಂಗಾಲೆರಡನ್ನು ಎತ್ತಿ ಮೀಸೆಯಂತೆ ಅಲುಗಿಸುತ್ತದೆ. ಅದು ನೆಗೆಯುವ ಜೇಡಗಳ ಜಾತಿಗೆ ಸೇರಿದ್ದು. ತುಂಬಾ ಹೊತ್ತು ಕಣ್ಣು ನೆಟ್ಟರೆ ನಡಿಗೆ ಅದನ್ನು ಬಿಟ್ಟುಕೊಡುತ್ತದೆ. ಇರುವೆ ಇನ್ನೊಂದು ಇರುವೆಯನ್ನು ಕಂಡರೆ ಮೀಸೆ ತಾಗಿಸಲು ಹತ್ತಿರ ಹೋಗುತ್ತದೆ. ಇದು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ತೀರಾ ಹತ್ತಿರ ಬಂದರೆ ಎಳೆಯೊಂದನ್ನು ಬಿಟ್ಟು ಕೆಳಗೆ ಜೋತುಬಿದ್ದು, ಇರುವೆ ದಾಟಿದ ಮೇಲೆ ಮೇಲೇರುತ್ತದೆ. ಮೂಸಿ, ಮುಟ್ಟಿ ಅರಿಯುವ ಚಗಳಿಯ ಮುಂದೆ ಈ ವೇಷ ನಡೆಯುವುದಿಲ್ಲ. ಜೇಡ ಅಡಗಿರುವುದು ಕಣ್ಣಿನಿಂದ ಬೇಟೆಯಾಡುವ, ಚಗಳಿಯೆಂದರೆ ದೂರ ಸರಿಯುವ ಪ್ರಾಣಿಗಳಿಂದ. ಯಾರ ಕಣ್ಣಿನಿಂದ, ಎಷ್ಟು ದೂರದವರೆಗೆ ಎಂದು ಕೇಳದೆ ಅಡಗುವಿಕೆಯನ್ನು ಅರಿಯಲಾಗದು ಎಂದು ನಾನು ಕಲಿತದ್ದು ಆ ಕೊಂಬೆಯ ಕೆಳಗೆ.

ಕುವೆಂಪುನಗರದಲ್ಲಿ ನನ್ನ ಅಕ್ಕನ ಮಗ ಅವನ ಸ್ನೇಹಿತನೊಂದಿಗೆ ವಾರ್‌ಹ್ಯಾಮರ್ ಆಡುತ್ತಾನೆ. ಎರಡು ಮೇಜು ಜೋಡಿಸಿ, ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ರಣರಂಗ. ಹೆಬ್ಬೆರಳೆತ್ತರದ ಸೈನಿಕರಿಗೆ ಒಬ್ಬೊಬ್ಬರಿಗೂ ಅವರೇ ಬಣ್ಣ ಬಳಿದಿದ್ದಾರೆ. ಅಕ್ಕನ ಮಗನದು ಗಾಬ್ಲಿನ್‌ಗಳ ದಂಡು: ಮಸಿಗಪ್ಪು ಮುಸುಕು, ಹೊಂಗೆ ಚಿಗುರಿನ ಹಸಿರು ಮೂಗು. ಎದುರಿನದು ಮನುಷ್ಯರ ಸೈನ್ಯ, ತೋಳಿಗೆ ಕುಂಕುಮ ಮತ್ತು ಕೆನೆಬಣ್ಣದ ಪಟ್ಟೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ತಂದ ಆಟ ಇದು. ಪ್ರತಿ ತುಕಡಿಗೂ ಇಷ್ಟು ಪಾಯಿಂಟ್ ಎಂದು ಬೆಲೆ. ಒಟ್ಟು ಮಿತಿಯೊಳಗೆ ದಂಡು ಕಟ್ಟಿ ಪಟ್ಟಿ ಬರೆಯಬೇಕು. ಆ ಪಟ್ಟಿಯನ್ನು ಎದುರಾಳಿಗೆ ತೋರಿಸಬೇಕೋ ಬೇಡವೋ ಎಂಬುದು ಆಡುವವರಲ್ಲಿ ಬಹುಕಾಲದ ಜಗಳ.

ಇವರಿಬ್ಬರಲ್ಲೂ ಅದಾಯಿತು. “ಲಿಸ್ಟ್ ಕೊಡೋ ಮೊದ್ಲು,” ಎಂದ ಸ್ನೇಹಿತ. “ಯುದ್ಧದಲ್ಲಿ ಯಾರಾದ್ರೂ ಲಿಸ್ಟ್ ಕೊಡ್ತಾರೇನೋ ಮಗಾ?” ಎಂದ ಇವನು.

ಯುದ್ಧದಲ್ಲಿ ಕೊಡುವುದಿಲ್ಲ, ನಿಜ. ಆದರೆ ಯುದ್ಧದಲ್ಲಿ ಗೂಢಚಾರರಿರುತ್ತಾರೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಅರ್ಥಶಾಸ್ತ್ರದಲ್ಲಿ ತಪಸ್ವಿಯ, ವ್ಯಾಪಾರಿಯ, ಗೃಹಸ್ಥನ ವೇಷದ ಚಾರರಿದ್ದಾರೆ. ಮೂವರು ತಂದ ಸುದ್ದಿ ಒಂದೇ ಆದರೆ ನಂಬಬಹುದು ಎಂಬ ಅಳತೆಯೂ ಇದೆ. ಮೇಜಿನ ಮೇಲಿನ ಸೇನಾಪತಿಗೆ ಇಂಥ ಮೂವರಿಲ್ಲ. ಇಡೀ ಪಟ್ಟಿಯನ್ನು ಮುಚ್ಚಿಟ್ಟರೆ ಅವನಿಗೆ ನೋಡಲು ಸುಳಿವೇ ಉಳಿಯುವುದಿಲ್ಲ. ಮಂತ್ರದ ಕತ್ತಿ ಯಾರ ಸೊಂಟದಲ್ಲಿದೆ ಎಂದು ಬೊಂಬೆಯ ಮೈಮೇಲೆ ಬರೆದಿರುವುದಿಲ್ಲ. ಸುಳಿವಿಲ್ಲದ ಗುಟ್ಟು ಎದುರಿನವನ ಕಣ್ಣಿಗೆ ಕೆಲಸವನ್ನೇ ಕೊಡುವುದಿಲ್ಲ. ಈಗ ಹಲವು ಪಂದ್ಯಾವಳಿಗಳಲ್ಲಿ ಪಟ್ಟಿಯನ್ನು ಮೊದಲೇ ಕೈಗಿಡಬೇಕು. ಅದು ಸರಿ ಎಂದೇ ನನ್ನ ಎಣಿಕೆ.

ಆದರೆ ಗಾಬ್ಲಿನ್‌ಗಳಲ್ಲಿ ಇನ್ನೊಂದು ಬಗೆಯ ಗುಟ್ಟಿದೆ. ಮುಸುಕಿನ ತುಕಡಿಯೊಳಗೆ ‘ಫನಾಟಿಕ್’ ಎಂಬವರು ಅಡಗಿರಬಹುದು. ಒಂದು ತುಕಡಿಯಲ್ಲಿ ಹೆಚ್ಚೆಂದರೆ ಮೂವರು. ಅಣಬೆಯ ಅಮಲೇರಿ, ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡನ್ನು ತಿರುಗಿಸುತ್ತ ಹೊರಗೆ ನುಗ್ಗುವವರು. ಅವರ ಬೊಂಬೆಗಳು ಮೇಜಿನ ಮೇಲಿರುವುದಿಲ್ಲ. ವೈರಿ ಎಂಟು ಇಂಚಿನೊಳಗೆ ಬಂದಾಗ ಮಾತ್ರ ಹೊರಬರುತ್ತಾರೆ, ಬಂದೇ ಬರಬೇಕು. ಇದಕ್ಕೆ ದೂರವುಂಟು, ಮಿತಿಯುಂಟು, ಎದುರಿನವನಿಗೆ ಅನುಮಾನಿಸುವ ದಾರಿಯುಂಟು. ಮೊದಲು ಈ ಆಟದಲ್ಲಿ ನಡೆಯುವ ಮುನ್ನ ಟೇಪು ಹಿಡಿದು ಅಳೆಯುವಂತೆಯೇ ಇರಲಿಲ್ಲ. ದೂರವನ್ನು ಕಣ್ಣಂದಾಜಿನಲ್ಲಿ ಹೇಳಬೇಕಿತ್ತು. 2010ರ ಎಂಟನೆಯ ಆವೃತ್ತಿ ಅಳೆಯಲು ಬಿಟ್ಟಿತು. ದೂರ ಇಬ್ಬರದೂ ಆಯಿತು, ಸಂಖ್ಯೆ ಒಬ್ಬನದಾಗಿ ಉಳಿಯಿತು.

ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ಪಟ್ಟಿ ತೆರೆದಿಡುವುದು, ಫನಾಟಿಕ್‌ಗಳ ಲೆಕ್ಕವನ್ನು ಮಾತ್ರ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುವುದು. 1824ರಲ್ಲಿ ಪ್ರಷ್ಯಾದ ರೈಸ್ವಿಟ್ಸ್ ತನ್ನ ಯುದ್ಧದಾಟಕ್ಕೆ ಕೂರಿಸಿದ ಮಧ್ಯಸ್ಥನ ಕೆಲಸವೂ ಇದೇ ಬಗೆಯದು. ಎರಡೂ ಪಾಳೆಯದ ನಿಜ ಅವನಿಗೆ ಗೊತ್ತು. ಆಡುವವರಿಗೆ ಅವರವರ ಕಣ್ಣಿಗೆ ಬೀಳಬೇಕಾದಷ್ಟನ್ನೇ ಅವನು ತಿಳಿಸುತ್ತಿದ್ದ.

ಚೀಟಿ ಓದಿ ಜೇಬಿಗಿಟ್ಟುಕೊಂಡು ನಾನು ಅಕ್ಕನ ಮಗನ ಕೈಯನ್ನು ನೋಡತೊಡಗಿದೆ. ಬೇರೆ ತುಕಡಿಗಳನ್ನು ಅವನು ಎರಡು ಬೆರಳಲ್ಲಿ ಎತ್ತಿ ಹಗುರಾಗಿ ಇಡುತ್ತಿದ್ದ. ಎಡಬದಿಯ ಮುಸುಕಿನ ತುಕಡಿಯನ್ನು ಮಾತ್ರ ಅಂಗೈಯಿಂದ ತಳ್ಳಿ, ಸಾಲು ನೇರವಾಗಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಬೇಕೆಂದೇ ಮುಖ ಬಲಕ್ಕೆ ತಿರುಗಿಸುತ್ತಿದ್ದ. ಮೂರನೆಯ ಸರದಿಯ ಹೊತ್ತಿಗೆ ಸ್ನೇಹಿತನ ದೃಷ್ಟಿಯೂ ಆ ಅಂಗೈಯ ಮೇಲೆ ನಿಂತಿತು. ದಾಳ ಕೈಯಲ್ಲಿದ್ದರೂ ಎಸೆಯಲಿಲ್ಲ. ನನ್ನ ಕಡೆ ತಿರುಗಿ, “ಮಾವ, ಎಡಗಡೆ ಎಷ್ಟು ಜನ ಇದಾರೆ?” ಎಂದ. ನಾನು ಹೇಳಲಿಲ್ಲ. ಅವನು ಟೇಪು ಎಳೆದು, ಗುರುತು ಓದಿ, ಪಟ್ಟೆತೋಳಿನ ಕಾಲಾಳುಗಳನ್ನು ಒಂಬತ್ತು ಇಂಚಿಗೆ ತಂದು ನಿಲ್ಲಿಸಿ, ಬಿಲ್ಲಿನವರನ್ನು ಮುಂದಕ್ಕೆ ಕರೆದ.