ಕಮಾನು ಕೆಳಗಿಟ್ಟ ಕಲಾವಿದ: ಪಾಬ್ಲೋ ಕಸಾಲ್ಸ್

1971ರ ಅಕ್ಟೋಬರ್ 24. ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಮಹಾಸಭಾಂಗಣದಲ್ಲಿ ರಾಷ್ಟ್ರ ರಾಷ್ಟ್ರಗಳ ಪ್ರತಿನಿಧಿಗಳು ನೆರೆದಿದ್ದರು. ತೊಂಬತ್ತನಾಲ್ಕು ವರ್ಷದ ವೃದ್ಧರೊಬ್ಬರು ತಾವೇ ರಾಗ ಸಂಯೋಜಿಸಿದ ವಿಶ್ವಸಂಸ್ಥೆಯ ಸ್ತುತಿಗೀತೆಯನ್ನು ನಿರ್ದೇಶಿಸಿ, ಮಹಾಕಾರ್ಯದರ್ಶಿ ಊ ಥಾಂಟರಿಂದ ಶಾಂತಿ ಪದಕವನ್ನು ಸ್ವೀಕರಿಸಿದರು. ಬಳಿಕ ಚೆಲ್ಲೊ ವಾದ್ಯವನ್ನು ಕೈಗೆತ್ತಿಕೊಂಡು, ತಮ್ಮ ನಾಡಾದ ಕತಲೋನಿಯಾದ ಹಕ್ಕಿಗಳು ಆಗಸಕ್ಕೇರಿದಾಗ ‘ಶಾಂತಿ, ಶಾಂತಿ’ ಎಂದೇ ಹಾಡುತ್ತವೆ ಎಂದು ನುಡಿದು, ಆ ನಾಡಿನ ಹಳೆಯ ಕ್ರಿಸ್ಮಸ್ ಗೀತೆಯಾದ ‘ಹಕ್ಕಿಗಳ ಹಾಡ’ನ್ನು ನುಡಿಸಿದರು. ಅವರೇ ಪಾಬ್ಲೋ ಕಸಾಲ್ಸ್. ಅವರ ಮಾತೃಭಾಷೆಯಲ್ಲಿ ಅವರ ಹೆಸರು ‘ಪೌ’. ಆ ಪದಕ್ಕೆ ಪೌಲ ಎಂಬುದು ಒಂದರ್ಥವಾದರೆ ಶಾಂತಿ ಎಂಬುದು ಮತ್ತೊಂದರ್ಥ.

ಚೆಲ್ಲೊ ಪಿಟೀಲಿನ ಕುಲಕ್ಕೇ ಸೇರಿದ ನಾಲ್ಕು ತಂತಿಗಳ ವಾದ್ಯ. ಗಾತ್ರದಲ್ಲಿ ಹಿರಿದಾದುದರಿಂದ ಕಲಾವಿದನು ಕುಳಿತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ಅದರ ಗಂಭೀರ ನಾದವು ಮನುಷ್ಯನ ಕಂಠಕ್ಕೆ ಬಹು ಸಮೀಪವಾದುದೆಂದು ಬಲ್ಲವರು ಹೇಳುತ್ತಾರೆ. ವಾದ್ಯಗೋಷ್ಠಿಯಲ್ಲಿ ಬಹುಮಟ್ಟಿಗೆ ಹಿನ್ನೆಲೆಯಲ್ಲಿಯೇ ಉಳಿದಿದ್ದ ಈ ವಾದ್ಯಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಅಗ್ರಸ್ಥಾನವನ್ನು ದೊರಕಿಸಿದವರಲ್ಲಿ ಕಸಾಲ್ಸರೇ ಮೊದಲಿಗರು.

1876ರ ಡಿಸೆಂಬರ್ 29ರಂದು ಕತಲೋನಿಯಾದ ಎಲ್ ವೆಂಡ್ರೆಲ್ ಎಂಬ ಪುಟ್ಟ ಊರಿನಲ್ಲಿ ಅವರು ಜನಿಸಿದರು. ತಂದೆ ಕಾರ್ಲೆಸ್ ಅಲ್ಲಿಯ ಸಂತ ಅನ್ನಮ್ಮನವರ ದೇವಾಲಯದ ಆರ್ಗನ್ ವಾದಕರು ಮತ್ತು ಗಾಯನವೃಂದದ ನಿರ್ದೇಶಕರು. ಬಾಲಕನು ಎಳೆವಯಸ್ಸಿನಲ್ಲಿಯೇ ದೇವಾಲಯದ ಗಾಯನವೃಂದವನ್ನು ಸೇರಿದನು. ಕಾಲುಗಳು ಪೆಡಲುಗಳಿಗೆ ಎಟುಕುವಷ್ಟು ಬೆಳೆದೊಡನೆ ತಂದೆಯ ಬದಲಿಗೆ ಆರ್ಗನ್ ನುಡಿಸತೊಡಗಿದನು. ತಂದೆ ಸೋರೆಬುರುಡೆಯಿಂದ ಮಾಡಿಕೊಟ್ಟ ಒಂದು ತಂತಿಯ ವಾದ್ಯವೇ ಆತನ ಮೊದಲ ಚೆಲ್ಲೊ. ಹನ್ನೊಂದನೆಯ ವಯಸ್ಸಿನಲ್ಲಿ ಊರಿಗೆ ಬಂದ ಜೋಸೆಪ್ ಗಾರ್ಸಿಯಾ ಎಂಬ ಕಲಾವಿದರ ಕೈಯಲ್ಲಿ ನಿಜವಾದ ಚೆಲ್ಲೊವನ್ನು ಕಂಡು, ಅದರ ನಾದವನ್ನು ಕೇಳಿದಂದಿನಿಂದ ಆತನಿಗೆ ಬೇರೊಂದು ವಾದ್ಯ ಬೇಡವಾಯಿತು.

ಸಂಗೀತದಿಂದ ಹೊಟ್ಟೆ ತುಂಬದೆಂಬುದನ್ನು ಸ್ವಾನುಭವದಿಂದ ಅರಿತಿದ್ದ ತಂದೆ, ಮಗನನ್ನು ಬಡಗಿಯ ಕಸುಬಿಗೆ ಹಚ್ಚಲು ಬಯಸಿದ್ದರು. ತಾಯಿ ಪಿಲಾರ್ ಒಪ್ಪಲಿಲ್ಲ. ಅವರು ಮಗನನ್ನು ಬಾರ್ಸಿಲೋನಾಕ್ಕೆ ಕರೆದೊಯ್ದು ಪುರಸಭೆಯ ಸಂಗೀತ ಶಾಲೆಗೆ ಸೇರಿಸಿದರು. ಮುಂದೆ ಪ್ಯಾರಿಸಿನಲ್ಲಿ ಬಡತನ ಬಾಧಿಸಿದಾಗ ಆ ತಾಯಿ ಹೊಲಿಗೆಯ ಕೆಲಸ ಮಾಡಿದರು. ಒಂದು ದಿನ ತಮ್ಮ ನೀಳವಾದ ಕೂದಲನ್ನೇ ಕತ್ತರಿಸಿ ಮಾರಿ ಬಂದರು. ಜಗದ್ವಿಖ್ಯಾತಿಯ ಹಿಂದೆ ಇಂತಹದೊಂದು ಮೌನತ್ಯಾಗವಿತ್ತೆಂಬುದನ್ನು ಕಸಾಲ್ಸ್ ಕೊನೆಯವರೆಗೂ ಮರೆಯಲಿಲ್ಲ.

1890ರಲ್ಲಿ, ಹದಿಮೂರರ ಬಾಲಕ ಬಾರ್ಸಿಲೋನಾದ ಬಂದರಿನ ಬಳಿಯ ಹಳೆಯ ಅಂಗಡಿಯೊಂದರಲ್ಲಿ ತಂದೆಯೊಡನೆ ಸಂಗೀತದ ಪುಸ್ತಕಗಳನ್ನು ಹುಡುಕುತ್ತಿದ್ದಾಗ, ಮಾಸಿದ ಹಾಳೆಗಳ ಕಟ್ಟೊಂದು ದೊರಕಿತು. ಅದು ಬಾಖ್ ರಚಿಸಿದ, ಚೆಲ್ಲೊ ಒಂದಕ್ಕಾಗಿಯೇ ಇರುವ ಆರು ಕೃತಿಮಾಲೆಗಳು. ಅವು ಕೇವಲ ಶುಷ್ಕ ಅಭ್ಯಾಸಪಾಠಗಳೆಂದು ಅಂದಿನ ಪಂಡಿತರು ಭಾವಿಸಿದ್ದರು. ಬಾಲಕನು ಅವುಗಳನ್ನು ಹನ್ನೆರಡು ವರ್ಷಗಳ ಕಾಲ ಸಾಧನೆ ಮಾಡಿದ ತರುವಾಯವೇ ಸಭೆಯ ಮುಂದೆ ನುಡಿಸುವ ಧೈರ್ಯ ತಳೆದನು. 1936ರಿಂದ 1939ರವರೆಗೆ ಅವರು ಮುದ್ರಿಸಿಕೊಟ್ಟ ಆ ಆರು ಕೃತಿಮಾಲೆಗಳು ಇಂದಿಗೂ ಪ್ರತಿಯೊಬ್ಬ ಚೆಲ್ಲೊ ವಿದ್ಯಾರ್ಥಿಗೂ ಪಾಠವಾಗಿವೆ. ಬಲತೋಳನ್ನು ದೇಹಕ್ಕೆ ಅಂಟಿಸಿಕೊಂಡೇ ನುಡಿಸಬೇಕೆಂದು, ಕಂಕುಳಲ್ಲಿ ಪುಸ್ತಕವಿರಿಸಿ ಕಲಿಸುತ್ತಿದ್ದ ಕಾಲವದು. ಕಸಾಲ್ಸ್ ಆ ತೋಳನ್ನು ಬಂಧಮುಕ್ತಗೊಳಿಸಿದರು. ಎಡಗೈಯ ಬೆರಳುಗಳ ಚಲನೆಯನ್ನೂ ಸರಳಗೊಳಿಸಿದರು.

1899ರಲ್ಲಿ ಅವರು ಪ್ಯಾರಿಸಿನ ಶ್ರೋತೃಗಳ ಮನ ಗೆದ್ದರು. ಅದೇ ವರ್ಷ ವಿಕ್ಟೋರಿಯಾ ರಾಣಿಯ ಮುಂದೆ ನುಡಿಸಿದರು. 1904ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಶ್ವೇತಭವನಕ್ಕೆ ಆಮಂತ್ರಣ ಬಂದಿತು. 1920ರಲ್ಲಿ ಬಾರ್ಸಿಲೋನಾದಲ್ಲಿ ತಮ್ಮದೇ ವಾದ್ಯವೃಂದವನ್ನು ಸ್ಥಾಪಿಸಿದರು. ಶ್ರೀಮಂತರಿಗೆ ಮಾತ್ರ ಎಟುಕುತ್ತಿದ್ದ ಸಂಗೀತವು ಕಾರ್ಮಿಕರಿಗೂ ಲಭಿಸಲೆಂದು 1926ರಲ್ಲಿ ಕಾರ್ಮಿಕರ ಸಂಗೀತಗೋಷ್ಠಿ ಸಂಘವನ್ನು ಕಟ್ಟಿದರು. ಮೊಂಟ್ಸೆರಾಟ್ ಪರ್ವತದ ಬೆನೆಡಿಕ್ಟಿನ್ ಮಠದ ಬಾಲಗಾಯಕರಿಗಾಗಿ ಭಕ್ತಿಗೀತೆಗಳನ್ನೂ ಸಂಯೋಜಿಸಿದರು.

1936ರ ಜುಲೈ 18ರಂದು ಅವರು ಬೀಥೋವನ್ನನ ಒಂಬತ್ತನೆಯ ಸಿಂಫೊನಿಯ ಅಭ್ಯಾಸದಲ್ಲಿ ತೊಡಗಿದ್ದಾಗ, ಸೈನ್ಯ ದಂಗೆಯೆದ್ದಿದೆ, ಕೂಡಲೇ ಮನೆಗಳಿಗೆ ತೆರಳಬೇಕು ಎಂಬ ಸುದ್ದಿ ಬಂದಿತು. ಮತ್ತೆ ಎಂದು ಸೇರುವೆವೋ ಎಂದು, ಮಾನವ ಸೋದರತ್ವವನ್ನು ಸಾರುವ ಅಂತಿಮ ಭಾಗವನ್ನು ಪೂರ್ತಿಯಾಗಿ ಹಾಡಿ ನುಡಿಸಿದ ಮೇಲೆಯೇ ಅವರೆಲ್ಲರೂ ಚದುರಿದರು. ಮುಂದಿನ ಮೂರು ವರ್ಷಗಳಲ್ಲಿ ಸ್ಪೇನ್ ಸಹೋದರಹತ್ಯೆಯ ರಣರಂಗವಾಯಿತು. ಗಣರಾಜ್ಯದ ಪ್ರದೇಶದಲ್ಲಿ ಸಾವಿರಾರು ಗುರುಗಳೂ ಸನ್ಯಾಸಿಗಳೂ ಹತರಾದರು. ಬಹುಪಾಲು ಧರ್ಮಾಧ್ಯಕ್ಷರು ಜನರಲ್ ಫ್ರಾಂಕೊನ ಪಕ್ಷವನ್ನು ಬೆಂಬಲಿಸಿದರು. ಆ ಪಕ್ಷದ ಕೈಗೂ ನಿರಪರಾಧಿಗಳ ರಕ್ತ ಅಂಟಿತು. ನಮ್ಮ ಸಭೆಯ ಇತಿಹಾಸದ ಈ ನೋವಿನ ಪುಟವನ್ನು ಒಂದೇ ಬಣ್ಣದಲ್ಲಿ ಓದಲಾಗದು. ಕಸಾಲ್ಸ್ ಗಣರಾಜ್ಯಕ್ಕೆ ನಿಷ್ಠರಾಗಿದ್ದು, ಫ್ರಾಂಕೊ ಗೆದ್ದಾಗ ದೇಶವನ್ನು ತೊರೆದರು.

ಗಡಿಯಾಚೆಯ ಫ್ರಾನ್ಸಿನ ಪ್ರಾಡ್ ಎಂಬ ಊರಿನಲ್ಲಿ ನೆಲೆಸಿದ ಅವರು, ಶಿಬಿರಗಳಲ್ಲಿ ನರಳುತ್ತಿದ್ದ ನಿರಾಶ್ರಿತರಿಗಾಗಿ ಕಚೇರಿಗಳನ್ನು ನಡೆಸಿ ಹಣ ಕೂಡಿಸಿದರು. ದಿನವಿಡೀ ಪತ್ರ ಬರೆದು ನೆರವು ಯಾಚಿಸಿದರು. ಜರ್ಮನಿಗೆ ಬಂದು ನುಡಿಸಬೇಕೆಂದು ನಾಜಿ ಅಧಿಕಾರಿಗಳು ಕೇಳಿದಾಗ ಒಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳು ಸ್ಪೇನಿನ ಸರ್ವಾಧಿಕಾರವನ್ನು ಕೊನೆಗೊಳಿಸುವುವೆಂದು ನಂಬಿದ್ದರು. ಆ ನಂಬಿಕೆ ಹುಸಿಯಾದಾಗ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಗೌರವ ಪದವಿಗಳನ್ನು ನಿರಾಕರಿಸಿದರು, ಕಚೇರಿಗಳನ್ನೂ ನಿಲ್ಲಿಸಿದರು. ಕೈಯಲ್ಲಿ ಶಕ್ತಿಯಿದ್ದಾಗಲೇ, ಕೀರ್ತಿಯ ಶಿಖರದಲ್ಲಿದ್ದಾಗಲೇ, ಮನಸ್ಸಾಕ್ಷಿಗಾಗಿ ಕಮಾನನ್ನು ಕೆಳಗಿಡುವುದು ಸುಲಭದ ಮಾತಲ್ಲ.

ಅವರು ಬಾರದಿದ್ದಾಗ ಸಂಗೀತಲೋಕವೇ ಅವರ ಬಳಿಗೆ ಬಂದಿತು. 1950ರಲ್ಲಿ, ಬಾಖ್ ಮರಣದ ಇನ್ನೂರನೆಯ ವರ್ಷದಲ್ಲಿ, ಪ್ರಾಡ್‌ನ ಸಂತ ಪೇತ್ರರ ದೇವಾಲಯದಲ್ಲಿ ಉತ್ಸವ ನಡೆಯಿತು. ದೇವಾಲಯವಾದುದರಿಂದ ಚಪ್ಪಾಳೆಗೆ ಅವಕಾಶವಿರಲಿಲ್ಲ. 1961ರಲ್ಲಿ ಅವರು ಅಧ್ಯಕ್ಷ ಕೆನಡಿಯವರ ಆಮಂತ್ರಣವನ್ನು ಮನ್ನಿಸಿ ಶ್ವೇತಭವನದಲ್ಲಿ ನುಡಿಸಿದರು. ಅಮೆರಿಕ ಫ್ರಾಂಕೊ ಸರಕಾರವನ್ನು ಮಾನ್ಯ ಮಾಡಿತ್ತಾದುದರಿಂದ, ವ್ರತವು ಸಡಿಲವಾಯಿತೇ ಎಂದು ಕೇಳುವವರೂ ಇದ್ದಾರು. ಆದರೆ ಫ್ರಾಂಕೊ ಆಳುತ್ತಿರುವವರೆಗೆ ತಾಯ್ನಾಡಿಗೆ ಮರಳಿ ನೆಲೆಸೆನೆಂಬ ನಿರ್ಧಾರವನ್ನು ಅವರು ಎಂದೂ ಬದಲಿಸಲಿಲ್ಲ.

ಪ್ರಾಡ್‌ನ ಕತ್ತಲ ದಿನಗಳಲ್ಲಿ ಅವರೊಡನೆ ಒಂದೇ ಮನೆಯಲ್ಲಿದ್ದ ಕವಿ ಜೊವಾನ್ ಆಲವೆದ್ರಾ, ಗೋದಲಿಯನ್ನು ಕುರಿತು ತಮ್ಮ ಪುಟ್ಟ ಮಗಳಿಗಾಗಿ ಕವನ ಬರೆದಿದ್ದರು. ಕಸಾಲ್ಸ್ ಅದಕ್ಕೆ ಸಂಗೀತ ಕೂಡಿಸಿ ‘ಎಲ್ ಪೆಸ್ಸೆಬ್ರೆ’ ಅಂದರೆ ‘ಗೋದಲಿ’ ಎಂಬ ಗೇಯಕಾವ್ಯವನ್ನು ರಚಿಸಿದರು. 1960ರ ಡಿಸೆಂಬರ್ 17ರಂದು ಮೆಕ್ಸಿಕೊದ ಅಕಪುಲ್ಕೊದಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು. ಬಳಿಕ ಅದನ್ನೇ ಶಾಂತಿಯ ಸಂದೇಶವಾಗಿ ಹೊತ್ತು ಆ ವೃದ್ಧರು ದೇಶದೇಶಗಳನ್ನು ಸುತ್ತಿದರು.

1973ರ ಅಕ್ಟೋಬರ್ 22ರಂದು ತಾಯಿಯ ಜನ್ಮಭೂಮಿಯಾದ ಪೋರ್ಟೊರಿಕೊದಲ್ಲಿ ಅವರು ತೀರಿಕೊಂಡರು. ಫ್ರಾಂಕೊನ ಮರಣ ಎರಡು ವರ್ಷಗಳ ಅನಂತರ. 1979ರಲ್ಲಿ ಅವರ ಪಾರ್ಥಿವ ಶರೀರವನ್ನು ಎಲ್ ವೆಂಡ್ರೆಲ್‌ಗೆ ತಂದು ಸಮಾಧಿ ಮಾಡಲಾಯಿತು. ಜೀವಂತವಾಗಿ ಮರಳಿ ನೆಲೆಸಲಾರದ ಊರಿಗೆ ಅವರು ಹೀಗೆ ಮರಳಿದರು.

ಡಿಸೆಂಬರ್ ಬಂದಾಗ ನಮ್ಮ ಮನೆಗಳಲ್ಲಿಯೂ ಹುಲ್ಲು ಹಾಸಿ ಗೋದಲಿ ಕಟ್ಟುತ್ತೇವೆ. ಮನೆಮಠಗಳನ್ನು ಕಳೆದುಕೊಂಡ ಇಬ್ಬರು ನಿರಾಶ್ರಿತರು ಪರನಾಡಿನಲ್ಲಿ ಕುಳಿತು ಶಬ್ದದಿಂದಲೂ ಸ್ವರದಿಂದಲೂ ಕಟ್ಟಿದ ಆ ಇನ್ನೊಂದು ಗೋದಲಿಯನ್ನು ಆಗ ಒಮ್ಮೆ ನೆನೆಯೋಣ. ದೇವರಿತ್ತ ಪ್ರತಿಭೆಯನ್ನು ಬೆಳೆಸುವುದು ಒಂದು ಕರ್ತವ್ಯ. ಅದನ್ನು ಯಾರ ಮುಂದೆ ಮಾರಬಾರದೆಂದು ಅರಿಯುವುದು ಅದಕ್ಕಿಂತ ಹಿರಿದಾದ ಕರ್ತವ್ಯ.