ಸರ್ವರ್ ಹಲವಿದ್ದರೂ ಖಾತೆ ಪುಸ್ತಕ ಒಂದೇ ಇರಲಿ

ಲಾಗಿನ್ ಆಗಿ ಅರ್ಜಿ ತುಂಬುತ್ತಿರುವಾಗ ಕೆಲವೊಮ್ಮೆ ‘ಮತ್ತೆ ಲಾಗಿನ್ ಆಗಿ’ ಎಂದು ಬರುತ್ತದೆ, ತುಂಬಿದ್ದೆಲ್ಲ ಹೋಗಿರುತ್ತದೆ. ಜಾಲತಾಣಕ್ಕೆ ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದು, ಅವುಗಳ ಲೆಕ್ಕ ಬೇರೆ ಬೇರೆಯಾಗಿರುವುದು ಇದಕ್ಕೆ ಒಂದು ಕಾರಣ.

ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ಪದ್ಧತಿಯಲ್ಲಿ. ಅದಕ್ಕೆ ಹಿಂದಿನದರ ನೆನಪಿಲ್ಲ. ಪ್ರತಿ ಸಲವೂ ನಾವು ಹೊಸ ಗಿರಾಕಿಯೇ. ಆದ್ದರಿಂದ ಸರ್ವರ್ ನಮ್ಮ ಬ್ರೌಸರ್‌ಗೆ ಒಂದು ಗುರುತಿನ ಚೀಟಿ ಕೊಡುತ್ತದೆ. ಅದೇ ಕುಕೀ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಅದನ್ನು ರೂಪಿಸಿದರು. ಆ ಚೀಟಿಯ ಎದುರಿಗೆ ನಾವು ಯಾರು, ಏನು ಆರಿಸಿದ್ದೇವೆ ಎಂದು ಸರ್ವರ್ ಬರೆದಿಟ್ಟುಕೊಳ್ಳುವುದೇ ಸೆಷನ್.

ಜನ ಹೆಚ್ಚಾದಾಗ ಅಂಗಡಿಯಲ್ಲಿ ಕೌಂಟರ್ ಹೆಚ್ಚಿಸುವಂತೆ ಸರ್ವರ್ ಹೆಚ್ಚಿಸುತ್ತಾರೆ. ಬಂದವರನ್ನು ಹಂಚುವುದು ಲೋಡ್ ಬ್ಯಾಲೆನ್ಸರ್. ಒಂದನೇ ಕೌಂಟರಿನ ಪುಸ್ತಕದಲ್ಲಿ ಬರೆಸಿದವರು ಎರಡನೆಯದಕ್ಕೆ ಹೋದರೆ ಅಲ್ಲಿನ ಗುಮಾಸ್ತನಿಗೆ ಗುರುತು ಸಿಗುವುದಿಲ್ಲ. ಇದಕ್ಕೆ ನಾಲ್ಕು ದಾರಿಗಳಿವೆ.

1. ಒಬ್ಬರನ್ನು ಯಾವಾಗಲೂ ಒಂದೇ ಸರ್ವರ್‌ಗೆ ಕಳಿಸುವುದು. ಇದಕ್ಕೆ ಸ್ಟಿಕಿ ಸೆಷನ್ ಎನ್ನುತ್ತಾರೆ. ಸುಲಭ, ಆದರೆ ಆ ಸರ್ವರ್ ಕೆಟ್ಟರೆ ಅದರಲ್ಲಿದ್ದ ಸೆಷನ್‌ಗಳೂ ಹೋಗುತ್ತವೆ.

2. ಪ್ರತಿ ಸರ್ವರ್ ತನ್ನ ಪುಸ್ತಕದ ನಕಲನ್ನು ಉಳಿದವಕ್ಕೆ ಕಳಿಸುವುದು. ಟಾಮ್‌ಕ್ಯಾಟ್‌ನಲ್ಲಿ ಈ ಸೌಲಭ್ಯವಿದೆ. ಸರ್ವರ್‌ಗಳು ಹೆಚ್ಚಿದಂತೆ ನಕಲು ಮಾಡುವುದೇ ದೊಡ್ಡ ಕೆಲಸವಾಗುತ್ತದೆ.

3. ಎಲ್ಲರಿಗೂ ಸೇರಿ ಒಂದೇ ಪುಸ್ತಕ ಇಡುವುದು. 2009ರಲ್ಲಿ ಬಂದ ರೆಡಿಸ್ ಅನ್ನು ಇದಕ್ಕೆ ಬಹಳ ಕಡೆ ಬಳಸುತ್ತಾರೆ. ಆ ಪುಸ್ತಕಕ್ಕೂ ಒಂದು ಪ್ರತಿ ಬೇಕು. ಇಲ್ಲವಾದರೆ ಅದು ನಿಂತರೆ ಎಲ್ಲವೂ ನಿಲ್ಲುತ್ತದೆ.

4. ವಿವರವನ್ನೇ ಚೀಟಿಯಲ್ಲಿ ಬರೆದು ಡಿಜಿಟಲ್ ಸಹಿ ಹಾಕಿ ಕೊಡುವುದು. 2015ರಲ್ಲಿ ಮಾನದಂಡವಾದ ಜೆಡಬ್ಲ್ಯೂಟಿ ಇಂಥದ್ದು. ಅವಧಿ ಮುಗಿಯುವ ಮುನ್ನ ಆ ಚೀಟಿಯನ್ನು ರದ್ದು ಮಾಡುವುದು ಕಷ್ಟ.

ಸಂಘ-ಸಂಸ್ಥೆಗಳ ಜಾಲತಾಣಕ್ಕೆ ಸಾಮಾನ್ಯವಾಗಿ ಮೂರನೆಯದು ಅನುಕೂಲ. ಲಾಗ್ ಔಟ್ ಮಾಡಿದಾಗ ಆ ಒಂದು ಪುಸ್ತಕದಲ್ಲಿ ಹೆಸರು ಹೊಡೆದರೆ ಸಾಕು, ಎಲ್ಲ ಸರ್ವರ್‌ಗಳಿಗೂ ತಿಳಿಯುತ್ತದೆ. ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಇದು ಬಹಳ ಮುಖ್ಯ. ಆದರೆ ಹಣ ಸಂದಾಯವಾದ ವಿವರ ಸೆಷನ್‌ನಲ್ಲಷ್ಟೇ ಇರಬಾರದು, ತಕ್ಷಣ ಶಾಶ್ವತ ಡೇಟಾಬೇಸ್‌ಗೆ ಸೇರಬೇಕು.

ಜಾಲತಾಣ ಮಾಡಿಕೊಡುವವರಿಗೆ ಪೂರ್ತಿ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಲಾಗಿನ್ ಆಗಿ ಅರ್ಧ ಅರ್ಜಿ ತುಂಬಿ ಉಳಿಸಿ. ಆಗ ಒಂದು ಸರ್ವರ್ ನಿಲ್ಲಿಸಲು ಹೇಳಿ. ಹೀಗೆ ಒಂದೊಂದನ್ನೇ ನಿಲ್ಲಿಸಿದರೂ ಕೆಲಸ ಮುಂದುವರಿದರೆ ವ್ಯವಸ್ಥೆ ಸರಿಯಿದೆ ಎಂದು ತಿಳಿಯಬಹುದು.