ಫೋನಿನ ಹಗೇವು: ಬೆಳೆ ಸಮೀಕ್ಷೆಯ ಫೋಟೋ ಉಳಿಯುವುದೆಲ್ಲಿ, ಅಳಿಯುವುದೆಲ್ಲಿ?

ಕಳೆದ ಮುಂಗಾರಿನ ಮಾತು. ಗುಡೇಕೋಟೆ ಹೋಬಳಿಯ ರೈತರೊಬ್ಬರು ತಮ್ಮ ಶೇಂಗಾ ಹೊಲಕ್ಕೆ ಹೋಗಿ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೋ ತೆಗೆದರು. ಗುಡ್ಡದ ಮರೆಯಲ್ಲಿ ಸಿಗ್ನಲ್ ಇರಲಿಲ್ಲ. ಊರಿಗೆ ಬರುವಷ್ಟರಲ್ಲಿ ಬ್ಯಾಟರಿ ಮುಗಿದು ಫೋನ್ ಆರಿಹೋಯಿತು. "ಫೋಟೋ ಹೋತೇನ್ರಿ ಸಾಹೇಬ್ರ?" ಎಂದು ಗಾಬರಿಯಿಂದ ಬಂದರು. ಚಾರ್ಜ್ ಮಾಡಿ ನೋಡಿದರೆ ಫೋಟೋ ಹಾಗೆಯೇ ಇತ್ತು.

ಪಕ್ಕದ ಹೊಲದವರಿಗೆ ಹೀಗಾಗಲಿಲ್ಲ. ಫೋಟೋ ಕಳಿಸುವ ಮೊದಲೇ ಅವರು ಫೋನನ್ನು ರಿಪೇರಿಗೆ ಕೊಟ್ಟಿದ್ದರು. ಅಲ್ಲಿ ಅದನ್ನು ರೀಸೆಟ್ ಮಾಡಲಾಯಿತು. ಫೋಟೋ ಅಳಿಯಿತು. ವಿಷಯ ತಿಳಿದು ಮತ್ತೆ ಹೊಲಕ್ಕೆ ಹೋಗುವ ಹೊತ್ತಿಗೆ ಶೇಂಗಾ ಕಿತ್ತಾಗಿತ್ತು.

ಬ್ಯಾಟರಿ ಮುಗಿದಾಗ ಹೋಗದ ಫೋಟೋ ರೀಸೆಟ್ ಮಾಡಿದಾಗ ಹೋದದ್ದೇಕೆ?

ಕಣ ಮತ್ತು ಹಗೇವು

ಫೋನಿನಲ್ಲಿ ಎರಡು ಬಗೆಯ ಮೆಮೊರಿ ಇವೆ. ಒಂದು ರ‍್ಯಾಮ್. ಇದು ಕಣವಿದ್ದಂತೆ. ಕೆಲಸ ನಡೆಯುವಾಗ ರಾಶಿ ಇಲ್ಲಿರುತ್ತದೆ. ವಿದ್ಯುತ್ ನಿಂತರೆ ಕಣ ಬರಿದಾಗುತ್ತದೆ. ಇನ್ನೊಂದು ಫ್ಲ್ಯಾಶ್ ಮೆಮೊರಿ. ಇದು ಹಗೇವು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ಜೋಳ ಉಳಿಯುವಂತೆ, ಫ್ಲ್ಯಾಶ್ ಚಿಪ್ಪಿನ ಕೋಟ್ಯಂತರ ಸೂಕ್ಷ್ಮ ಕೋಶಗಳಲ್ಲಿ ತುಂಬಿದ ಎಲೆಕ್ಟ್ರಾನುಗಳು ವಿದ್ಯುತ್ ಹರಿಯಗೊಡದ ಪದರದೊಳಗೆ ಉಳಿದಿರುತ್ತವೆ. ಬ್ಯಾಟರಿ ಇಲ್ಲದಿದ್ದರೂ ಅವು ಹೊರಬೀಳುವುದಿಲ್ಲ.

ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1984ರಲ್ಲಿ ಈ ಮೆಮೊರಿಯನ್ನು ಲೋಕದ ಮುಂದಿಟ್ಟರು. ಕ್ಯಾಮೆರಾದ ಫ್ಲ್ಯಾಶ್ ಬೆಳಗಿದಷ್ಟು ಬೇಗ ದೊಡ್ಡ ಭಾಗವನ್ನು ಒಂದೇ ಸಲಕ್ಕೆ ಅಳಿಸಬಹುದಾದ್ದರಿಂದ ಆ ಹೆಸರು ಬಂತು. ಉಳಿಸುವುದೂ ಅದರ ಗುಣ, ಅಪ್ಪಣೆಯಾದರೆ ಕ್ಷಣದಲ್ಲಿ ಅಳಿಸುವುದೂ ಅದರ ಗುಣ. ರೀಸೆಟ್ ಎಂದರೆ ಅಂಥ ಅಪ್ಪಣೆಯೇ.

ಅಂಗೈ ಕಂಪ್ಯೂಟರುಗಳಿಗೆಲ್ಲ ಮೊದಲು ಈ ಅನುಕೂಲ ಇರಲಿಲ್ಲ. 1996ರಲ್ಲಿ ಬಂದ ಪಾಮ್ ಕಂಪನಿಯ ಪೈಲಟ್ ಯಂತ್ರದಲ್ಲಿ ನಾವು ಬರೆದದ್ದು ರ‍್ಯಾಮ್‌ನಲ್ಲೇ ಇರುತ್ತಿತ್ತು; ಸೆಲ್ ಪೂರ್ತಿ ಮುಗಿದರೆ ಎಲ್ಲವೂ ಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್ಕೋರ್ ಕಂಪನಿಯೊಡನೆ ಹಳ್ಳಿಯ ಜನರನ್ನೂ ಮನಸ್ಸಿನಲ್ಲಿಟ್ಟು ರೂಪಿಸಿದ ಸಿಂಪ್ಯೂಟರ್‌ನಲ್ಲಿ ಫ್ಲ್ಯಾಶ್ ಮೆಮೊರಿ ಇತ್ತು. ಆ ಯಂತ್ರ ಹೆಚ್ಚು ಹರಡಲಿಲ್ಲ. ಅದು ಮಾಡಬೇಕೆಂದಿದ್ದ ಕೆಲಸವನ್ನು ಇಂದು ನಿಮ್ಮ ಜೇಬಿನ ಫೋನ್ ಮಾಡುತ್ತಿದೆ.

ಹಗೇವಿನಲ್ಲಿದ್ದರೆ ಸಾಲದು

ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲು ಅವಕಾಶವಿದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿಗೆ ಈ ಸಮೀಕ್ಷೆಯ ಮಾಹಿತಿ ಬಳಕೆಯಾಗುತ್ತದೆ. ಆದರೆ ಫೋನಿನಲ್ಲೇ ಉಳಿದ ಫೋಟೋ ಲೆಕ್ಕಕ್ಕೆ ಬರುವುದಿಲ್ಲ. ಅಪ್‌ಲೋಡ್ ಆದದ್ದು ಮಾತ್ರ ಬರುತ್ತದೆ. ಆದ್ದರಿಂದ ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಸರ್ವೆ ನಂಬರಿನ ವಿವರ, ನಕ್ಷೆಯನ್ನು ಸಿಗ್ನಲ್ ಇರುವಲ್ಲಿಯೇ ಇಳಿಸಿಕೊಂಡು ಹೊಲಕ್ಕೆ ಹೊರಡಿ.

2. ಫೋನಿನಲ್ಲಿ ಜಾಗ ಇದೆಯೇ ನೋಡಿ. ತುಂಬಿದ ಹಗೇವಿಗೆ ಇನ್ನೊಂದು ಚೀಲ ಹಿಡಿಯದು. ಬೇಡದ ವಿಡಿಯೋಗಳನ್ನು ಮೊದಲೇ ಅಳಿಸಿ.

3. ಅಪ್‌ಲೋಡ್ ಆಗುವ ತನಕ ಆ್ಯಪ್ ತೆಗೆಯಬೇಡಿ, ಅದರ ಡೇಟಾ ಅಳಿಸಬೇಡಿ, ಫೋನನ್ನು ರಿಪೇರಿಗೆ ಕೊಡಬೇಡಿ.

4. ಫೋನನ್ನು ಬಿಸಿಲಿಗೆ, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಇಡಬೇಡಿ. ಅತಿ ಶಾಖ ಬ್ಯಾಟರಿಗೂ ಮೆಮೊರಿಗೂ ಒಳ್ಳೆಯದಲ್ಲ.

5. ಸಿಗ್ನಲ್ ಸಿಕ್ಕ ಕೂಡಲೇ, ಅದೇ ದಿನ ಸಂಜೆಯೊಳಗೆ ಅಪ್‌ಲೋಡ್ ಮಾಡಿ. ಬಳಿಕ 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿ. ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

ಆ್ಯಪ್ ಬಳಸಲು ತೊಡಕಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹಗೇವು ಎಷ್ಟೇ ಭದ್ರವಾಗಿದ್ದರೂ ಜೋಳ ಹೊರಗೆ ಬಂದ ಮೇಲೆಯೇ ರೊಟ್ಟಿ. ಫೋನಿನೊಳಗಿನ ಫೋಟೋಕ್ಕೂ ಇದೇ ಮಾತು.